ಗದ್ದೆಗಪ್ಪೆಯ ಎರಡು ಮನೆತನ

ಸಾರಕ್ಕಿ, ಜೆ.ಪಿ. ನಗರ ಅಂಚೆ,
ಬೆಂಗಳೂರು – 78
17 ಮಾರ್ಚ್ 1985

ಮಗಳು ಚೂಡಾಮಣಿಗೆ,

ಇಲ್ಲಿ ನಾನು, ನಿನ್ನ ಅಮ್ಮ, ನಿನ್ನ ಅಜ್ಜಿ ಮತ್ತು ನಿನ್ನ ಕಪ್ಪೆಗಳು ಕ್ಷೇಮ. ಇವರಲ್ಲಿ ಯಾರ ಕ್ಷೇಮ ತಿಳಿಯಲು ನೀನು ಅವಸರದಲ್ಲಿ ಲಕೋಟೆ ಹರಿಯುತ್ತೀಯ ಎಂಬುದು ಗೊತ್ತಿರುವುದರಿಂದ ಕಪ್ಪೆಗಳಿಂದಲೇ ಶುರು ಮಾಡುತ್ತೇನೆ.

ಹಿತ್ತಲಿನ ಸಿಮೆಂಟ್ ತೊಟ್ಟಿಗೆ ನೀನು ಹೇಳಿದಂತೆ ನಡುವೆ ತಂತಿಯ ಜಾಲರಿ ಬಿಗಿದಾಯಿತು. ಎಡಕ್ಕೆ ‘ಎ’, ಬಲಕ್ಕೆ ‘ಬಿ’ ಎಂದು ಸುಣ್ಣದಲ್ಲಿ ಬರೆದೆ. ನಿನ್ನ ಅಮ್ಮ ನೋಡಿ, “ಇದೇನ್ರೀ, ಹೆರಿಗೆ ವಾರ್ಡ್ ಇದ್ದಂಗಿದೆ” ಎಂದಳು. ಆಮೇಲೆ ಅತ್ತ ಸುಳಿದಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಹುತ್ತದ ಪಕ್ಕದಿಂದ ಗೆದ್ದಲು ತಂದು ಎರಡೂ ಕಡೆ ಸಮನಾಗಿ ಉದುರಿಸುತ್ತೇನೆ. ಪಕ್ಷಪಾತವಿಲ್ಲ. ಇರಲು ಸಾಧ್ಯವೂ ಇಲ್ಲ. ನನ್ನ ಕಣ್ಣಿಗೆ ಎರಡೂ ಕಡೆಯವರದು ಒಂದೇ ಮಣ್ಣಿನ ಬಣ್ಣ, ಒಂದೇ ಹೆಬ್ಬೆರಳ ಗಾತ್ರ. ಮುಖಭಾವವೂ ಒಂದೇ. ಸಂಬಳದ ದಿನ ಕ್ಯಾಷಿಯರ್ ರಜ ಹಾಕಿದರೆ ನಮ್ಮ ಆಫೀಸಿನವರು ಕೂರುತ್ತಾರಲ್ಲ, ಹಾಗೆ.

ನಾನು ನೀರಿನ ಆಫೀಸಿನಲ್ಲಿ ಗುಮಾಸ್ತ. ನೀರು ಬರಲಿಲ್ಲ ಎಂದು ಬರೆದವರಿಗೆಲ್ಲ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರೆಯುವವನು. ಈಗ ನಾನೇ ಎರಡು ಬೀದಿ ಆಚೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಕಪ್ಪೆಗಳಿಗೆ ಸುರಿಯುವುದನ್ನು ಕೇರಿಯವರೆಲ್ಲ ಸಂತೋಷದಿಂದ ನೋಡುತ್ತಿದ್ದಾರೆ.

ಒಂದು ಮಾತು. ಈ ಮಳೆಗಾಲ ಮುಗಿಯುವುದರೊಳಗೆ ನೀನು ಹೇಳುತ್ತಿರುವುದನ್ನು ರುಜುವಾತು ಮಾಡಬೇಕು, ಇಲ್ಲದಿದ್ದರೆ ವಿಷಯ ಬದಲಿಸಬೇಕು ಎಂದು ನಿನ್ನ ಗೈಡ್ ಬದರಿನಾಥ ಅವರು ಹೇಳಿದ್ದನ್ನು ನಿನ್ನ ಅಮ್ಮನಿಗೆ ತಿಳಿಸಬೇಕಾಯಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಗಂಗಯ್ಯನವರ ಮಗ, ಕರೆಂಟ್ ಇಲಾಖೆಯವನು, ಅವನ ಫೋಟೋ ಅಕ್ಕಿ ಡಬ್ಬದ ಹಿಂದೆ ಇದೆ. “ಮಳೆಗಾಲದವರೆಗೆ ತಡಿ, ಅವಳದು ಆಗದಿದ್ದರೆ ನಾನೇ ಹೋಗಿ ಕರಕೊಂಡು ಬರ್ತೀನಿ” ಎಂದು ಮಾತು ಕೊಟ್ಟಿದ್ದೇನೆ. ಕೊಡದಿದ್ದರೆ ಆ ಫೋಟೋ ಈ ಲಕೋಟೆಯಲ್ಲೇ ಬರುತ್ತಿತ್ತು.

ಹುಡುಗ ನೋಡಲು ಚೆನ್ನಾಗಿಯೇ ಇದ್ದಾನೆ ಎಂದು ತಿಳಿಸಲು ನನಗೆ ಆಜ್ಞೆಯಾಗಿದೆ. ತಿಳಿಸಿದ್ದೇನೆ.

ಇಂತಿ,
ತೊಟ್ಟಿಯ ಕಾವಲುಗಾರ,
ನಿನ್ನ ಅಪ್ಪ ಸಂಜೀವಯ್ಯ


ಧಾರವಾಡ
2 ಏಪ್ರಿಲ್ 1985

ಅಪ್ಪನವರಿಗೆ ನಮಸ್ಕಾರಗಳು.

ಲಕೋಟೆ ಹರಿದದ್ದು ನಿಜ, ಕಪ್ಪೆಗಳಿಗಾಗಿಯೇ ಎನ್ನುವುದು ಅರ್ಧ ನಿಜ.

ನೀವು ತೊಟ್ಟಿಯ ಬಗ್ಗೆ ನಗೆಯಾಡಿದ್ದನ್ನು ಓದಿ ನಗು ಬಂತು. ಆದರೆ ಈಗ ನಗುವ ಸ್ಥಿತಿ ಇಲ್ಲ. ನಾನು ಇಲ್ಲಿಗೆ ತಂದ ಕಪ್ಪೆಗಳಿಗೆ ಲ್ಯಾಬಿನಲ್ಲಿ ಕಾಲು ಕೆಂಪಾಗುವ ರೋಗ ತಗುಲಿತು. ಒಂದೂ ಉಳಿಯಲಿಲ್ಲ. ಈಗ ನನಗೆ ಉಳಿದಿರುವುದು ನಿಮ್ಮ ತೊಟ್ಟಿ ಮಾತ್ರ. ದಯವಿಟ್ಟು ಎ ಮತ್ತು ಬಿ ಬೆರೆಯಲು ಬಿಡಬೇಡಿ. ಒಂದನ್ನೂ ಯಾರಿಗೂ ಕೊಡಬೇಡಿ.

ನಮ್ಮೂರ ಕುಂಟೆಯಲ್ಲಿರುವ ಈ ಗದ್ದೆಗಪ್ಪೆಯನ್ನು ಪುಸ್ತಕಗಳು ನೂರೈವತ್ತು ವರ್ಷದಿಂದ ಒಂದೇ ಹೆಸರಿನಲ್ಲಿ ಬರೆದಿಟ್ಟಿವೆ. ಯಾರೂ ಬಗ್ಗಿ ನೋಡಿಲ್ಲ. ದೊಡ್ಡ ಗೋಂಕರು ಕಪ್ಪೆಗಳಿಗಾದರೂ ಗಿರಾಕಿ ಇದ್ದಾರೆ. ಗೋಣಿಚೀಲ ತುಂಬಿ ಹಿಡಿದು, ಕಾಲು ಮಾತ್ರ ಕತ್ತರಿಸಿ ಹೊರದೇಶದ ಊಟದ ಮೇಜಿಗೆ ಕಳಿಸುತ್ತಾರೆ. ಆಮೇಲೆ ಗದ್ದೆಯಲ್ಲಿ ಹುಳು ಹೆಚ್ಚಾಯಿತೆಂದು ಔಷಧಿ ಹೊಡೆಯುತ್ತಾರೆ. ನನ್ನ ಕಪ್ಪೆಗಳ ಕಾಲು ಯಾರಿಗೂ ಬೇಡ. ಅದೊಂದೇ ಅವುಗಳ ಪುಣ್ಯ.

ಹೋದ ಮಳೆಗಾಲದಲ್ಲಿ ಕುಂಟೆಯ ಬದುವಿನ ಮೇಲೆ ಕೂತಿದ್ದಾಗ ಎರಡು ಥರ ಕೂಗು ಕೇಳಿದೆ. ನೋಡಲು ಒಂದೇ, ಕೂಗು ಬೇರೆ. ಕೂಗುವ ಗಂಡನ್ನು ಅದರ ಜೊತೆಗಿದ್ದ ಹೆಣ್ಣಿನ ಸಮೇತ ಹಿಡಿದು ಒಂದು ಕೂಗಿನವಕ್ಕೆ ಎ, ಇನ್ನೊಂದಕ್ಕೆ ಬಿ ಎಂದೆ. ಗೈಡ್ ಒಪ್ಪಲಿಲ್ಲ. “ವರ್ಣತಂತು ಎಣಿಸಿದಿ, ಎರಡರಾಗೂ ಅಷ್ಟ ಅದಾವ. ಮತ್ತ ಬ್ಯಾರೆ ಹೆಂಗವಾ?” ಎನ್ನುತ್ತಾರೆ. ಎರಡು ಪದ್ಯಗಳ ಸಾಲು ಎಣಿಸಿ, ಎರಡರಲ್ಲೂ ಆರಾರು ಸಾಲಿದೆ, ಆದ್ದರಿಂದ ಒಂದೇ ಪದ್ಯ ಎಂದರೆ ನೀವು ಸುಮ್ಮನಿರುತ್ತೀರಾ? ವಂಶವಾಹಿಗಳೂ ಹಾಗೆಯೇ. ಎಷ್ಟು ಸಾಲು ಎನ್ನುವುದಲ್ಲ, ಒಳಗೆ ಏನು ಬರೆದಿದೆ ಎನ್ನುವುದು ಮುಖ್ಯ.

ಇದಕ್ಕೆ ಒಂದೇ ಪರೀಕ್ಷೆ. ಎ ಹೆಣ್ಣಿಗೂ ಬಿ ಗಂಡಿಗೂ ಜೋಡಿಯಾಗಿ, ಅವುಗಳ ಮೊಟ್ಟೆಯಿಂದ ಗೊದಮೊಟ್ಟೆ ಹೊರಟರೆ ಬದರಿನಾಥ ಸರ್ ಹೇಳಿದ್ದು ಸರಿ. ಹೊರಡದಿದ್ದರೆ ನಾನು ಹೇಳಿದ್ದು ಸರಿ. ಆದರೆ ಮಳೆಯಿಲ್ಲದೆ ಅವು ಜೋಡಿಯಾಗುವುದಿಲ್ಲ. ಚುಚ್ಚುಮದ್ದು ಕೊಟ್ಟು ನೋಡಿದೆ, ಆಗಲಿಲ್ಲ.

ಅಮ್ಮನಿಗೆ ಹೇಳಿ: ಅಕ್ಕಿ ಡಬ್ಬದ ಹಿಂದೆ ಜಿರಲೆ ಜಾಸ್ತಿ, ಫೋಟೋ ಹಾಳಾದೀತು.

ಇಂತಿ,
ನಿಮ್ಮ ಚೂಡಾಮಣಿ

(ನಾನು ಬಿಟ್ಟು ಬಂದಿರುವ ಕಮಟು ವಾಸನೆಯ ಔಷಧಿ ಸೀಸೆ ಜೋಪಾನ. ತೊಟ್ಟಿಯಲ್ಲಿ ವಿಚಿತ್ರವಾದದ್ದು ಏನು ಕಂಡರೂ ಒಂದಿಷ್ಟು ಅದರೊಳಗೆ ಹಾಕಿಡಿ, ಕೊಳೆಯುವುದಿಲ್ಲ.)


ಸಾರಕ್ಕಿ
14 ಮೇ 1985

ಚೂಡಾಮಣಿ,

ಈ ಪತ್ರವನ್ನು ಕೂತು ಓದು.

ಮಳೆ ಇಲ್ಲ. ಕುಂಟೆಯ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಜೆ.ಪಿ. ನಗರದ ಹೊಸ ಮನೆಗಳವರು ಬೋರ್‌ವೆಲ್ ಹಾಕಿಸಿಕೊಂಡಿದ್ದಾರೆ. ನಮ್ಮ ಕೇರಿಯವರು ಕಪ್ಪೆ ಮದುವೆ ಮಾಡಲು ತೀರ್ಮಾನಿಸಿದರು. ಮುಂದಾಳು ನಿನ್ನ ಅಜ್ಜಿ ಅಂಕಮ್ಮನವರು. ಲಗ್ನಪತ್ರಿಕೆ ಬರೆಯಲು ನನಗೆ ಹೇಳಿದರು. ಪ್ರಾಸ ಎಂದರೆ ನನ್ನ ಕೈ ನಿಲ್ಲುವುದಿಲ್ಲ, ಸಂಜೆ ಕಾಲೇಜಿನಲ್ಲಿ ಬಿ.ಎ. ಓದಿದ ದಿನದಿಂದ ಅದೊಂದು ಚಟ. ಬರೆದೆ:

ವರನಿಗೆ ಉದ್ಯೋಗ ವಟವಟ ಎನ್ನುವುದು,
ವಧುವಿನ ವಯಸ್ಸು ವಿಚಾರಿಸಬಾರದು;
ಉಡುಗೊರೆ ಬೇಡ, ತನ್ನಿರಿ ನೀರು,
ಚೆಂಬಿಲ್ಲದೆ ಬಂದರೆ ಪಾಯಸಕೆ ನೀವ್ಯಾರು?

ವಧೂವರರು ಬೇಗೂರು ಕೆರೆಯಿಂದ ಬರುತ್ತಾರೆ ಎಂದು ನಂಬಿ ಬರೆದದ್ದು. ಅದಕ್ಕಾಗಿ ನಮ್ಮ ಕೇರಿಯ ಚಿನ್ನಪ್ಪನನ್ನು ಸೈಕಲ್ಲಿನಲ್ಲಿ ಕಳಿಸಿದ್ದರು. ಅವನು ದಿನವೆಲ್ಲ ಕೆಸರು ಬಗೆದು ಒಂದು ಏಡಿ ತಂದ.

ಅಜ್ಜಿ ನನ್ನ ಹತ್ತಿರ ಬಂದು ತೊಟ್ಟಿ ನೋಡಿದರು. “ಅವು ಓದಿಗೆ ಮೀಸಲು ಕಣವ್ವ, ಮುಟ್ಟೋ ಹಾಗಿಲ್ಲ” ಎಂದೆ. “ಆಯ್ತು ಬುಡು” ಎಂದರು. ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಶುಕ್ರವಾರ ಆಫೀಸಿನಿಂದ ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ಅರಳಿಕಟ್ಟೆಯ ಮೇಲೆ ಚಿಕ್ಕ ಚಪ್ಪರ, ಓಲಗ, ಸುತ್ತ ಹೆಂಗಸರು. ಹಿತ್ತಾಳೆ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಮೇಲೆ ನಿನ್ನ ಎರಡು ಕಪ್ಪೆಗಳು. ಊರಿನ ಹಿರಿಯ ಉಗ್ರಪ್ಪನವರು ಗಂಡಿನ ಕಡೆ, ಅಜ್ಜಿ ಹೆಣ್ಣಿನ ಕಡೆ. ಗಂಟಲು ಕಪ್ಪಾದದ್ದು ಗಂಡು, ಹೊಟ್ಟೆ ಉಬ್ಬಿರುವುದು ಹೆಣ್ಣು ಎಂದು ಆರಿಸಿದ್ದಾರೆ.

ನಾನು ಕೂಗಾಡಿದೆ. “ಅವ್ವಾ, ಯಾವ ಕಡೆಯಿಂದ ತೆಗೆದೆ? ಎಡಗಡೆಯಿಂದಾನೋ ಬಲಗಡೆಯಿಂದಾನೋ?”

ಅಜ್ಜಿ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. “ಅಲ್ಲ ಕಣ್ಲಾ ಸಂಜೀವ, ಒಂದೇ ಕಡೇಲಿ ಬೆಳದವು ಅಣ್ತಂಗೇರು ಆಗಾಕಿಲ್ವಾ? ತಂಗೀನ ಕಟ್ಟುದ್ರೆ ಮಳೆ ಬಂದದಾ? ಬರೋದೂ ಹೋದದು. ಎಡಗಡೆ ಮನೇದು ಹೆಣ್ಣು, ಬಲಗಡೆ ಮನೇದು ಗಂಡು. ನಂಗೆ ಅಷ್ಟೂ ತಿಳಿಯಾಕಿಲ್ವಾ?”

ಹೀಗೆ ನೀನು ಬೆರೆಸಬೇಡಿ ಎಂದು ಬರೆದದ್ದನ್ನು ನಿನ್ನ ಅಜ್ಜಿ ಓಲಗದ ಸಮೇತ ಬೆರೆಸಿದರು. ಎ ಹೆಣ್ಣು, ಬಿ ಗಂಡು.

ಕುಂಟೆಯಲ್ಲಿ ನೀರಿಲ್ಲದ್ದರಿಂದ ದಂಪತಿಗಳನ್ನು ಹೊಸ ಗುಡಾಣದಲ್ಲಿ ಹಾಕಿ ನಮ್ಮ ಹಿತ್ತಲಿಗೇ ತಂದರು. ಬಂದ ಹೆಂಗಸರೆಲ್ಲ ಒಂದೊಂದು ಚೆಂಬು ನೀರು ಧಾರೆ ಎರೆಯಬೇಕು. ನೇರ ಸುರಿದರೆ ಎಳೇ ಮೈಗೆ ನೋವಾಗುತ್ತದೆಂದು ಅಜ್ಜಿ ಜರಡಿ ಹಿಡಿದರು. ಶುಕ್ರವಾರ, ಶನಿವಾರ ಜರಡಿಯಿಂದ ನೀರು ಸೋರುತ್ತಲೇ ಇತ್ತು. ಭಾನುವಾರ ಬೆಳಿಗ್ಗೆ ಗುಡಾಣದ ನೀರಿನ ಮೇಲೆ ಸಬ್ಬಕ್ಕಿ ಪಾಯಸದ ಹಾಗೆ ಮೊಟ್ಟೆ ತೇಲುತ್ತಿತ್ತು.

ಕೇರಿಗೆಲ್ಲ ಸಕ್ಕರೆ ಹಂಚಿದರು. ನಾನೂ ತಿಂದೆ.

ಇವತ್ತು ಮಂಗಳವಾರ. ಮೊಟ್ಟೆಗಳು ಸುಣ್ಣದ ಹಾಗೆ ಬಿಳಿಚಿಕೊಂಡಿವೆ. ಒಂದೂ ಮರಿಯಾಗಿಲ್ಲ. ಮಳೆಯೂ ಇಲ್ಲ. “ಅಂಕಮ್ಮ ಕಟ್ಟಿದ ತಾಳಿ ಫಲ ಕೊಡಲಿಲ್ಲ” ಎಂದು ನಲ್ಲಿಯ ಹತ್ತಿರ ಯಾರೋ ಅಂದರಂತೆ. ಅಜ್ಜಿ ಬೆಳಿಗ್ಗೆಯಿಂದ ನಲ್ಲಿಯ ಕಡೆ ಹೋಗಿಲ್ಲ. ಗುಡಾಣವನ್ನು ತಿಪ್ಪೆಗೆ ಚೆಲ್ಲಬೇಕು ಎನ್ನುತ್ತಿದ್ದಾರೆ. ಸ್ವಲ್ಪ ತಡಿ ಎಂದಿದ್ದೇನೆ. ನಿನ್ನೆ ಸಂಜೆ ಒಂದು ಚಮಚದಷ್ಟು ಮೊಟ್ಟೆ ತೆಗೆದು ನಿನ್ನ ಸೀಸೆಗೆ ಹಾಕಿದೆ. ವಿಚಿತ್ರವಾದದ್ದು ಕಂಡರೆ ಎಂದು ಬರೆದಿದ್ದೆಯಲ್ಲ. ಇದಕ್ಕಿಂತ ವಿಚಿತ್ರವಾದದ್ದು ನನಗೆ ಕಂಡಿಲ್ಲ.

ನಾನು ಕಾಯಲಿಲ್ಲ. ಬೈಯುವುದಿದ್ದರೆ ನನ್ನನ್ನು ಬೈ, ಅವರನ್ನು ಬೇಡ.

ಇಂತಿ,
ಕೆಲಸ ಕಳೆದುಕೊಂಡ ಕಾವಲುಗಾರ,
ಅಪ್ಪ


ತಂತಿ
17 ಮೇ 1985

ಮೊಟ್ಟೆ ಚೆಲ್ಲಬೇಡಿ. ಬರುತ್ತಿದ್ದೇನೆ. ಚೂಡಾಮಣಿ


ಧಾರವಾಡ
27 ಮೇ 1985

ಅಪ್ಪನವರಿಗೆ,

ಸೀಸೆಯನ್ನು ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಎದುರು ಕೂತಿದ್ದ ಹೆಂಗಸು “ತೀರ್ಥ ಏನವಾ?” ಎಂದು ಕೇಳಿದರು. ಹೌದೆಂದೆ. ವಾಸನೆ ಬಡಿದ ಮೇಲೆ ಅವರು ಬೇರೆ ಬೋಗಿಗೆ ಹೋದರು.

ಮನೆಯಲ್ಲಿದ್ದಾಗ ನಾನು ನಿಮ್ಮ ಹತ್ತಿರ ಹೆಚ್ಚು ಮಾತಾಡಲಿಲ್ಲ. ನೀವು ಅದನ್ನು ಕೋಪವೆಂದು ತಿಳಿದು ಹಿತ್ತಲಿನಲ್ಲೇ ಓಡಾಡಿಕೊಂಡಿದ್ದಿರಿ. ಕೋಪವಲ್ಲ. ಭಯ. ಲೆನ್ಸಿನಲ್ಲಿ ನನಗೆ ಕಂಡದ್ದು ನಿಜವೋ, ನನಗೆ ಬೇಕಾದದ್ದು ಮಾತ್ರ ಕಾಣುತ್ತಿದೆಯೋ ಎಂಬ ಭಯ.

ಈಗ ಇಲ್ಲಿಯ ದೊಡ್ಡ ಮೈಕ್ರೊಸ್ಕೋಪಿನಲ್ಲಿ ನೋಡಿದೆ. ಮೊಟ್ಟೆಗಳು ಫಲಿಸಿವೆ, ಅಪ್ಪ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹಾಗೇ ಒಡೆಯುತ್ತಾ ಹೋಗಿ, ಎಲ್ಲವೂ ಒಂದೇ ಹಂತಕ್ಕೆ ಬಂದು ನಿಂತಿವೆ. ನೀರು ಕೆಟ್ಟು ಸತ್ತಿದ್ದರೆ ಒಂದೊಂದು ಒಂದೊಂದು ಹಂತದಲ್ಲಿ ನಿಲ್ಲುತ್ತಿದ್ದವು. ಇವು ಅಪ್ಪ ಅಮ್ಮ ಇಬ್ಬರ ಬರವಣಿಗೆಯನ್ನೂ ಸೇರಿಸಿ ಓದಬೇಕಾದ ಜಾಗಕ್ಕೆ ಬಂದು, ಓದಲು ಬಾರದೆ ನಿಂತಿವೆ.

ಬದರಿನಾಥ ಸರ್ ತುಂಬಾ ಹೊತ್ತು ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಂಡು, “ಒಂದು ಜೋಡಿ ಅಂದ್ರ ಆಕಸ್ಮಿಕ. ಒಂದು ಮದುವಿ ಕೆಟ್ಟರ ಎರಡು ಮನೆತನಾನ ಬ್ಯಾರೆ ಅಂತೀ ಏನು? ಇನ್ನಷ್ಟು ತೋರಸು” ಎಂದರು. ಅವರು ಹೇಳಿದ್ದು ಸರಿ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದ್ದರಿಂದ ಈಗ ನಿಮ್ಮ ಮೇಲೆಯೇ ಭಾರ. ನಾನು ಹಿತ್ತಲಿನಲ್ಲಿ ಸಾಲಾಗಿ ಇಟ್ಟು ಬಂದಿರುವ ಗುಡಾಣಗಳಲ್ಲಿ ಕೆಲವಕ್ಕೆ ಎ ಜೋಡಿ, ಕೆಲವಕ್ಕೆ ಬಿ ಜೋಡಿ, ಕೆಲವಕ್ಕೆ ಮಿಶ್ರ ಜೋಡಿ. ಎಲ್ಲಕ್ಕೂ ಒಂದೇ ಬಾವಿಯ ನೀರು, ಒಂದೇ ಜರಡಿ. ಧಾರೆ ನಿಲ್ಲಬಾರದು. ಚುಚ್ಚುಮದ್ದಿನಿಂದ ಆಗದ್ದು ಜರಡಿಯಿಂದ ಆಯಿತು. ಕಪ್ಪೆಗಳು ಅದನ್ನು ಮಳೆ ಎಂದೇ ನಂಬಿದವು. ಒಂದು ಗುಡಾಣದ ನೀರು ಇನ್ನೊಂದಕ್ಕೆ ತಾಗಬಾರದು. ನಿಮಗೆ ಏನು ಕಂಡರೆ ಒಳ್ಳೆಯದು ಎಂದು ಯೋಚಿಸಬೇಡಿ. ಕಂಡದ್ದನ್ನು ಬರೆಯಿರಿ. ಮಿಶ್ರ ಜೋಡಿಯಲ್ಲಿ ಒಂದೇ ಒಂದು ಗೊದಮೊಟ್ಟೆ ಈಜಿದರೂ ಬರೆಯಿರಿ.

ಬರೆದರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತು. ಆದರೂ.

ಅಜ್ಜಿಗೆ ಹೇಳಿ, ತಾಳಿಯಲ್ಲಿ ದೋಷವಿರಲಿಲ್ಲ.

ಇಂತಿ,
ಚೂಡಾಮಣಿ


ಸಾರಕ್ಕಿ
11 ಜೂನ್ 1985

ಚೂಡಾಮಣಿಗೆ,

ಮೊದಲು ಫಲಿತಾಂಶ, ಆಮೇಲೆ ಪುರಾಣ.

ಎ ಜೋಡಿ: ಮೊಟ್ಟೆ, ಮೂರನೆಯ ದಿನಕ್ಕೆ ಗೊದಮೊಟ್ಟೆ, ಈಜಾಟ. ಬಿ ಜೋಡಿ: ಅದೇ. ಒಂದು ಬಿ ಗುಡಾಣದಲ್ಲಿ ಮೊಟ್ಟೆಯೇ ಇಲ್ಲ, ಗಂಡು ಹೆಣ್ಣು ಬೆನ್ನು ತಿರುಗಿಸಿ ಕೂತಿವೆ. ಕಾರಣ ಕೇಳುವುದು ಸಭ್ಯತೆಯಲ್ಲ. ಮಿಶ್ರ ಜೋಡಿ: ಎ ಹೆಣ್ಣಾದರೂ ಬಿ ಹೆಣ್ಣಾದರೂ ಮೊಟ್ಟೆ ಇಟ್ಟವು, ಮೊಟ್ಟೆಗಳೆಲ್ಲ ಬಿಳಿಚಿದವು. ಒಂದೂ ಈಜಲಿಲ್ಲ.

ಒಂದು ದಿನ ಮಿಶ್ರ ಗುಡಾಣದಲ್ಲಿ ಏನೋ ಅಲ್ಲಾಡಿತು. ನೋಡಲಿಲ್ಲ ಎಂದುಕೊಂಡು ಒಳಗೆ ಹೋಗಿ ಕಾಫಿ ಕುಡಿದೆ. ಅರ್ಧ ಲೋಟ ಹಾಗೇ ಬಿಟ್ಟು ಎದ್ದೆ. ವಾಪಸು ಬಂದು ಪಿಂಗಾಣಿ ಬಟ್ಟಲಿಗೆ ಬಗ್ಗಿಸಿ ನೋಡಿದರೆ ಸೊಳ್ಳೆಯ ಮರಿ. ಸೊಳ್ಳೆಯನ್ನು ಕಂಡು ಇಷ್ಟು ಸಂತೋಷಪಟ್ಟ ಮನುಷ್ಯ ಸಾರಕ್ಕಿಯಲ್ಲಿ ಇನ್ನೊಬ್ಬನಿಲ್ಲ. ಎಲ್ಲ ಗುಡಾಣಗಳಿಂದಲೂ ಬೇರೆ ಬೇರೆ ಸೀಸೆಗೆ ಹಾಕಿ ಚೀಟಿ ಅಂಟಿಸಿದ್ದೇನೆ.

ಈಗ ಪುರಾಣ. ಐದನೆಯ ತಾರೀಕು ಮಳೆ ಬಂತು! ಬಂತು ಎಂದರೆ ಕ್ರಿಕೆಟ್ ನಿಂತಿತು, ಕುಂಟೆಯಲ್ಲಿ ಮೊಣಕಾಲುದ್ದ ನೀರು. ದೀಪ ಹಚ್ಚುವ ಹೊತ್ತಿಗೆ ಛತ್ರಿ ಹಿಡಿದು ಬದುವಿನ ಮೇಲೆ ಕೂತೆ. ಮೊದಲು ಬರೀ ಗದ್ದಲ, ನಮ್ಮ ಆಫೀಸಿನ ಯೂನಿಯನ್ ಸಭೆಯಂತೆ. ಆಮೇಲೆ ಕಿವಿ ಹೊಂದಿಕೊಂಡಿತು. ನಾನು ಬಲ್ಲದ್ದು ಪದ್ಯಕ್ಕೆ ಪ್ರಸ್ತಾರ ಹಾಕುವುದೊಂದೇ. ಅದನ್ನೇ ಹಾಕಿದೆ. ಆಳ ನೀರಿನ ಕಡೆಯವರು: ಚುಟುಕು, ಚುಟುಕು, ಚುಟುಕು. ಮೂರೂ ಲಘು. ಅಂದರೆ ನಗಣ. ಕೆಸರು ಹುಲ್ಲಿನ ಕಡೆಯವರು: ಚುಟುಕು, ಚುಟುಕು, ಆಮೇಲೊಂದು ಎಳೆತ. ಎರಡು ಲಘು, ಒಂದು ಗುರು. ಸಗಣ! ತೊಟ್ಟಿಯಲ್ಲಿ ಉಳಿದವರೂ ಮಳೆಯ ಸದ್ದಿಗೆ ಬಾಯಿ ಬಿಟ್ಟರು: ಎ ಎಲ್ಲ ನಗಣ, ಬಿ ಎಲ್ಲ ಸಗಣ. ಒಬ್ಬರೂ ಛಂದಸ್ಸು ತಪ್ಪಲಿಲ್ಲ. ನಮ್ಮ ಕವಿಗೋಷ್ಠಿಗಳಲ್ಲಿ ಹೀಗಿಲ್ಲ.

ಇನ್ನೊಂದು ಮಹತ್ತರ ಸಂಗತಿ. ಮೂರನೆಯ ಜಾತಿಯೊಂದನ್ನು ನಾನು ಪತ್ತೆ ಮಾಡಿದ್ದೇನೆ. ಕುಂಟೆಯ ಆಚೆ ದಡದಿಂದ ಕೇಳುತ್ತದೆ. ಗುರು, ಗುರು, ಗುರು. ಗಂಭೀರವಾದ ಮಗಣ. ಹೆಸರಿಡುವ ಕೆಲಸ ನಿನಗೆ ಬಿಟ್ಟಿದ್ದೇನೆ, ನನ್ನ ಹೆಸರೇ ಆಗಬೇಕೆಂದಿಲ್ಲ.

ಅಜ್ಜಿ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾರೆ, ಅವರ ಮಾತಿನಲ್ಲೇ ಇರಲಿ:

“ಚೂಡೀ, ಉಗ್ರಪ್ಪನ್ನ ಕರ್ಸಿ ನ್ಯಾಯ ಮಾಡಿಸ್ದೆ ಕಣವ್ವ. ನಾನು ಕಟ್ಟಿದ್ ಗಂಟು ನಾನೇ ಬಿಚ್ಚುದೆ. ‘ಮಳೆ ಬಂದದಲ್ಲ ಅಂಕಮ್ಮ, ಇನ್ಯಾಕೆ ಬುಡುಗಡೆ?’ ಅಂದ. ‘ಮಳೆ ನಮ್ಗೆ ಬಂತು ಕಣಪ್ಪ, ಆ ಹೆಣ್ಣಿಗೇನು ಬಂತು?’ ಅಂದೆ. ಎಲ್ಡನ್ನೂ ಕುಂಟೇಗೆ ಬುಟ್ಟೊ. ಒಂದು ಆ ಕಡೀಕೆ ಹೋಯ್ತು, ಒಂದು ಈ ಕಡೀಕೆ. ತಿರುಗೂ ನೋಡ್ಲಿಲ್ಲ. ನಮ್ ಕಣ್ಣಿಗೆ ಒಂದೇ ಕಂಡ್ರೆ ಆಗೋಯ್ತಾ, ಅವುಕ್ಕೆ ಗೊತ್ತದೆ ಯಾರಿಗೆ ಯಾರು ಅಂತ. ನಿನ್ನವ್ವಂಗೂ ಅದೇ ಹೇಳಿವ್ನಿ. ಮೂತಿ ತಿರುಗ್ಸವ್ಳೆ.”

(ಮೂತಿ ತಿರುಗಿಸಿರುವುದು ನಿಜ. ಫೋಟೋ ಈಗ ಬೇಳೆ ಡಬ್ಬದ ಹಿಂದೆ.)

ಇಂತಿ,
ಕೆಲಸಕ್ಕೆ ಮರಳಿದ
ಅಪ್ಪ


ಧಾರವಾಡ
20 ಜೂನ್ 1985

ಅಪ್ಪನವರಿಗೆ,

ಪತ್ರವನ್ನು ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಆಮೇಲೆ ಅಲ್ಲೇ ಕೂತೆ. ಸೊಳ್ಳೆ ಮರಿಯ ಸಾಲುಗಳನ್ನು ಇನ್ನೊಮ್ಮೆ ಓದಿದೆ. ನೀವು ವಾಪಸು ಹೋಗಿ ನೋಡಿದ್ದಕ್ಕೆ ನಾನೇನು ಹೇಳಲಿ.

ಮೂರನೆಯ ಜಾತಿಯ ಬಗ್ಗೆ ವಿಷಾದದಿಂದ ತಿಳಿಸುವುದೇನೆಂದರೆ, ಆಚೆ ದಡದಲ್ಲಿ ಇರುವುದು ಹೊಸ ಬಡಾವಣೆಯ ಸೇತುರಾಮ್ ಅಂಕಲ್ ಮನೆ. ಅಲ್ಲಿ ಸಂಜೆ ಕೂಗುವುದು ಅವರ ಬೋರ್‌ವೆಲ್ ಮೋಟಾರು. ಮೇ ತಿಂಗಳಲ್ಲೂ ಅದೇ ಮಗಣದಲ್ಲಿ ಕೂಗುತ್ತಿತ್ತು. ನಿಮ್ಮ ಹೆಸರಿಡಲು ಸಾಧ್ಯವಾಗದ್ದಕ್ಕೆ ಕ್ಷಮೆಯಿರಲಿ.

ಆದರೆ ನಗಣ ಆಳ ನೀರಿನಲ್ಲಿ, ಸಗಣ ಕೆಸರು ಹುಲ್ಲಿನಲ್ಲಿ ಎಂದಿರಲ್ಲ, ಅದು ನನಗೆ ಹೊಳೆದಿರಲಿಲ್ಲ. ಒಂದೇ ಕುಂಟೆಯನ್ನು ಎರಡು ಮನೆಯವರು ಜಗಳವಿಲ್ಲದೆ ಹಂಚಿಕೊಂಡಿದ್ದಾರೆ. ಅದನ್ನೂ ಅಳೆಯಬೇಕು. ಜುಲೈನಲ್ಲಿ ಟೇಪ್‌ರೆಕಾರ್ಡರ್ ಎರವಲು ತಂದು ಬರುತ್ತೇನೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಸದ್ದನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರವಿದೆ, ಅನುಮತಿ ಕೇಳಿದ್ದೇನೆ.

ಸೇತುರಾಮ್ ಅಂಕಲ್ ಅವರಿಗೆ ಆ ಸಂಜೆಗಳಲ್ಲಿ ಮೋಟಾರು ಹಾಕಬೇಡಿ ಎಂದು ಯಾರಾದರೂ ಕೇಳಬೇಕು. ನೀರಿನ ಆಫೀಸಿನವರು ಕೇಳಿದರೆ ಹೆದರಿಯಾರು.

ಇಂತಿ,
ಚೂಡಾಮಣಿ


ಧಾರವಾಡ
24 ಸೆಪ್ಟೆಂಬರ್ 1985

ಅಪ್ಪ,

ವಿಷಯ ಇರಬೇಕೋ ಬದಲಿಸಬೇಕೋ ಎಂದು ತೀರ್ಮಾನವಾಗುವ ಸೆಮಿನಾರ್ ನಿನ್ನೆ ಆಯಿತು. ಹೇಗಾಯಿತೆಂದು ನಾನು ಬರೆಯುವ ಅಗತ್ಯವಿಲ್ಲ. ಕೊನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಮದುವೆಗೆ ಹಾಕುವ ಕೋಟು ಹಾಕಿಕೊಂಡು, ಮೊಣಕಾಲ ನಡುವೆ ಛತ್ರಿ ಇಟ್ಟುಕೊಂಡು ಕೂತಿದ್ದವರು ನೋಡಿದ್ದಾರೆ. ನಾನು ನಿಮ್ಮನ್ನು ನೋಡಲಿಲ್ಲ ಎಂದು ನೀವು ತಿಳಿದಿದ್ದೀರಿ. ನೋಡಿದ್ದೆ. ಆದ್ದರಿಂದಲೇ ಮೊದಲ ಎರಡು ನಿಮಿಷ ನನ್ನ ಇಂಗ್ಲಿಷ್ ತಡವರಿಸಿತು.

ಆದರೂ ಅಮ್ಮನಿಗೆ ಓದಿ ಹೇಳಲು ಬರೆಯುತ್ತೇನೆ. ಗುಡಾಣಗಳ ಫಲಿತಾಂಶ ತೋರಿಸಿದೆ, ಸೀಸೆಗಳ ಫೋಟೋ ತೋರಿಸಿದೆ. ಯಾರೋ “ನೀರು ಕೆಟ್ಟಿರಬಹುದಲ್ಲ?” ಎಂದರು, ಪಕ್ಕದ ಗುಡಾಣದಲ್ಲಿ ಅದೇ ಬಾವಿಯ ನೀರಿನಲ್ಲಿ ಈಜಿದವನ್ನು ತೋರಿಸಿದೆ. ಆಮೇಲೆ ಯಂತ್ರ ಬರೆದ ಗೆರೆಗಳು. ನಿಮ್ಮ ಪ್ರಸ್ತಾರವನ್ನು ಹೇಳುವುದಿಲ್ಲ ಎಂದೇ ನಿರ್ಧರಿಸಿದ್ದೆ. ಆದರೆ ಗೆರೆಗಳಲ್ಲಿ ಏನು ನೋಡಬೇಕೆಂದು ಹಿಂದೆ ಕೂತವರಿಗೆ ತಿಳಿಯಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಲಘು ಲಘು ಲಘು, ಕೆಳಗೆ ಲಘು ಲಘು ಗುರು ಎಂದು ಬರೆದೆ. ಬಾಯಲ್ಲೂ ಹೇಳಿದೆ. ಕೂಗಿದೆ ಎಂದರೂ ಸರಿಯೇ.

ಎಲ್ಲರೂ ನಕ್ಕರು. ಬದರಿನಾಥ ಸರ್ ಎದ್ದು ನಿಂತು, “ಅಲ್ಲವಾ, ನೀ ಪಿಎಚ್.ಡಿ. ಪ್ರಾಣಿಶಾಸ್ತ್ರದಾಗ ಮಾಡಾಕತ್ತೀಯೋ ಛಂದಸ್ಸಿನಾಗೋ?” ಎಂದರು. ಇನ್ನಷ್ಟು ನಗು. ನಗು ನಿಂತ ಮೇಲೆ ಅವರು ಬೋರ್ಡಿನ ಹತ್ತಿರ ಹೋಗಿ ಎರಡು ಸಾಲನ್ನೂ ಬೆರಳಿಟ್ಟು ಓದಿದರು. “ನಾ ಸೋತೆ ಅಂತ ಬರಕೋಬ್ಯಾಡ. ಕಪ್ಪಿ ಗೆದ್ದಾವ ಅಂತ ಬರಕೋ. ವಿಷಯ ಬದಲಿಸೋದು ಬ್ಯಾಡ, ಇದನ್ನ ಮುಗಸು.”

ಅವರು ಹೋಗಿ ಕೂತ ಮೇಲೆ ನಾನು ಕೊನೆಯ ಬೆಂಚಿನ ಕಡೆ ನೋಡಿದೆ. ನಿಮ್ಮ ಜಾಗ ಖಾಲಿ. ಹೊರಗೆ ಬಂದರೆ ನೀವಿಲ್ಲ. ಮರದ ಕೆಳಗೆ ನೋಡಿದೆ, ಕ್ಯಾಂಟೀನಿನಲ್ಲಿ ನೋಡಿದೆ. ಸ್ಟೇಷನ್ನಿಗೂ ಹೋಗಿದ್ದೆ, ಬೇಗ ಹೋಗಿದ್ದೆ, ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂ ಉದ್ದಕ್ಕೂ ನಡೆದರೂ ಸಿಗಲಿಲ್ಲ.

ಅಷ್ಟು ದೂರ ಬಂದವರು ಮಾತಾಡಿಸದೆ ಯಾಕೆ ಹೋದಿರಿ?

ಚೂಡಾಮಣಿ


ಸಾರಕ್ಕಿ
2 ಅಕ್ಟೋಬರ್ 1985

ಮಗಳು ಚೂಡಾಮಣಿಗೆ,

ಗಾಡಿಗೆ ಹೊತ್ತಾಗಿತ್ತು ಎಂದು ಬರೆಯೋಣವೆಂದಿದ್ದೆ. ನೀನು ಸ್ಟೇಷನ್ನಿಗೂ ಹೋಗಿ ಆ ದಾರಿ ಮುಚ್ಚಿದೆ. ಸಂಶೋಧನೆ ಮಾಡುವ ಮಕ್ಕಳಿರುವ ಮನೆಯಲ್ಲಿ ಒಂದು ಸಣ್ಣ ಸುಳ್ಳಿಗೂ ಜಾಗವಿಲ್ಲ. ನಾನು ಬಸ್ಸಿನಲ್ಲಿ ಬಂದೆ.

ಮನೆಯಲ್ಲಿ ಆಫೀಸಿನ ಕೆಲಸ ಎಂದು ಹೇಳಿ, ಆಫೀಸಿನಲ್ಲಿ ಮನೆಯ ಕೆಲಸ ಎಂದು ಹೇಳಿ ಬಂದಿದ್ದೆ. ಬರುವಾಗ ಮನಸ್ಸಿನಲ್ಲಿದ್ದದ್ದು ಬೇರೆ. ಸೆಮಿನಾರ್ ಕೆಟ್ಟರೆ ನೀನು ಒಬ್ಬಳೇ ಆ ರಾತ್ರಿ ಹಾಸ್ಟೆಲಿನಲ್ಲಿ ಇರಬಾರದು, ಜೊತೆಗೆ ಒಬ್ಬನಿರಲಿ ಎಂದು. ಕರೆದುಕೊಂಡು ಬರಲು ನಿನಗೂ ಒಂದು ಟಿಕೆಟ್ ಹಣ ಬೇರೆ ಇಟ್ಟುಕೊಂಡಿದ್ದೆ. ನಿನ್ನ ಗೈಡ್ ಬೋರ್ಡಿನ ಮುಂದೆ ನಿಂತು ಆ ಮಾತು ಹೇಳಿದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ.

ಇದೂ ಪೂರ್ತಿ ನಿಜವಲ್ಲ. ನನ್ನ ಪಕ್ಕದಲ್ಲಿ ಅಲ್ಲಿಯ ಅಟೆಂಡರ್ ಏಕಾಂತಯ್ಯ ಎನ್ನುವವರು ಕೂತಿದ್ದರು. ನೀನು ಬಾಯಲ್ಲಿ ಕಪ್ಪೆಯಂತೆ ಕೂಗಿದಾಗ ಅವರೂ ನಕ್ಕಿದ್ದರು. ನಿನ್ನ ಗೈಡ್ ಆ ಮಾತು ಹೇಳಿ ಮುಗಿಸಿದಾಗ ನನ್ನ ಕಡೆ ಬಗ್ಗಿ, “ಹುಡುಗಿ ಭಾರಿ ಅದಾಳ್ರೀ. ಯಾರ ಮಗಳೋ ಏನೋ” ಎಂದರು. ನನ್ನ ಮಗಳು ಎನ್ನಬೇಕಿತ್ತು. ಎರಡೇ ಪದ. ಬಾಯಿ ತೆರೆದೆ, ಬರಲಿಲ್ಲ. ಇನ್ನೊಮ್ಮೆ ತೆರೆದರೆ ಪದದ ಬದಲು ಏನು ಬರುತ್ತದೆಂದು ಗೊತ್ತಾಗಿ ಎದ್ದು ಹೊರಗೆ ಬಂದೆ. ಮದುವೆ ಕೋಟಿನ ತೋಳಿಗೆ ಮುಖ ಒರೆಸಿಕೊಂಡರೆ ಕರೆ ಉಳಿಯುತ್ತದೆ. ನಿನ್ನ ಅಮ್ಮ ನೋಡಿ, “ಇದೇನು?” ಎಂದಳು. ಎಲ್ಲ ಹೇಳಬೇಕಾಯಿತು.

ಬಸ್ಸಿನಲ್ಲಿ ಕೂತು ನಿನ್ನ ಮೇಲೊಂದು ಪದ್ಯ ಬರೆಯಬೇಕೆಂದು ಪ್ರಾಸ ಹುಡುಕಿದೆ. ಹುಬ್ಬಳ್ಳಿ, ಹಾವೇರಿ, ದಾವಣಗೆರೆ ಎಲ್ಲ ದಾಟಿದವು. ಹೆಮ್ಮೆ ಎಂಬ ಪದಕ್ಕೆ ಎಮ್ಮೆ ಬಿಟ್ಟರೆ ಏನೂ ಹೊಳೆಯಲಿಲ್ಲ. ತುಮಕೂರಿನಲ್ಲಿ ಕೈಬಿಟ್ಟೆ. ಆದ್ದರಿಂದ ಪದ್ಯ ಇಲ್ಲ. ಪದ ಹಾಗೇ ಒಂಟಿಯಾಗಿ ಇದೆ, ಇಟ್ಟುಕೋ.

ಅಮ್ಮನಿಗೆ ನಾನು ಕೊಟ್ಟಿದ್ದ ಮಾತಿನ ಗಡುವು ಮುಗಿಯಿತು. ಗಂಗಯ್ಯನವರ ಮಗನ ಫೋಟೋವನ್ನು ಅವಳೇ ಲಕೋಟೆಗೆ ಹಾಕಿ ವಾಪಸು ಕಳಿಸಿದಳು, ಜಿರಲೆ ತಿಂದ ಮೂಲೆಗೆ ಕ್ಷಮೆ ಕೇಳಿ. ಆಮೇಲೆ ನನ್ನನ್ನು ಕೇಳಿದಳು: “ಇನ್ನೂ ಎಷ್ಟು ವರ್ಷ ಓದ್ತಾಳಂತೆ?” ಎರಡೋ ಮೂರೋ ಎಂದೆ. “ಓದ್ಲಿ. ನಿಮಗೆ ಆ ತೊಟ್ಟಿ ನೋಡ್ಕಳಕ್ಕೆ ಬರಲ್ಲ. ಗೆದ್ದಲು ಎಲ್ಲ ಒಂದೇ ಮೂಲೇಲಿ ಸುರೀತೀರಿ” ಎಂದು ಡಬ್ಬ ಕಿತ್ತುಕೊಂಡಳು.

ನಿನ್ನೆ ಸಂಜೆ ಆಫೀಸಿನಿಂದ ಬಂದಾಗ ಹಿತ್ತಲಿನಲ್ಲಿ ಮಾತು ಕೇಳಿತು. ಸೇತುರಾಮ್ ಅವರ ಹೆಂಡತಿ ಅಲಮೇಲು ಬಂದಿದ್ದರು, ಅದೇ ಮಗಣದ ಮನೆಯವರು. ತೊಟ್ಟಿಯೊಳಗೆ ಬಗ್ಗಿ ನೋಡಿ, “ಪಾರ್ವತಮ್ಮ, ಎರಡು ಕಡೇನೂ ಒಂದೇ ಥರ ಇವೆಯಲ್ರೀ” ಎಂದರು.

ನಿನ್ನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಂದೇ ಅಲ್ಲ ಕಣ್ರೀ. ಇದು ಬೇರೆ, ಅದು ಬೇರೆ. ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗಳು ಹೇಳಿದ ಮೇಲೆ ಗೊತ್ತಾಗಿದ್ದು. ಸ್ವಲ್ಪ ಸುಮ್ಮನೆ ನಿಂತ್ಕಳಿ, ಈಗ ಕೂಗ್ತವೆ.”

ಇಬ್ಬರೂ ಸುಮ್ಮನೆ ನಿಂತರು. ನಾನೂ ಬಾಗಿಲಲ್ಲಿ ನಿಂತೆ.

ಇಂತಿ,
ಕೆಲಸದಿಂದ ಮತ್ತೆ ವಜಾಗೊಂಡ,
ಚೂಡಾಮಣಿಯ ಅಪ್ಪ